ತೂಕ ನೋಡಿ ಸ್ನೇಹ ಮಾಡುವ ಭಾವ

ನಮ್ಮ ಭಾವ ಸ್ನೇಹಿತರನ್ನು ಆರಿಸಿಕೊಳ್ಳುವುದು ಗುಣ ನೋಡಿ ಅಲ್ಲ, ತೂಕ ನೋಡಿ! ನೀವು ಎಂಥ ಸಜ್ಜನರೇ ಆಗಿರಿ, ಪೀಚಲಾಗಿದ್ದರೆ ಅವರ ಕಣ್ಣಿಗೆ ಬೀಳುವುದಿಲ್ಲ.

ಕಾರಣ ಶಾವಿಗೆ. ದೇವಲಾಪುರದಲ್ಲಿರುವ ನನ್ನ ಅಕ್ಕನ ಗಂಡನಾದ ಈ ಮಹಾನುಭಾವರು ಮರಗೆಲಸದವರು. ಅಂಗಡಿಯಲ್ಲಿ ಸಿಗುವ, ಕೈಯಲ್ಲಿ ತಿರುಗಿಸುವ ಪುಟ್ಟ ಒರಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಹಜಾರದಲ್ಲಿ ತಾವೇ ಕೆತ್ತಿದ ಮರದ ಶಾವಿಗೆ ಒರಳನ್ನು ಪ್ರತಿಷ್ಠಾಪಿಸಿದ್ದಾರೆ. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಅದರೊಳಗೆ ಹಾಕಬೇಕು. ಮೇಲಿನ ತೊಲೆಯ ತುದಿಗೆ ಒಬ್ಬ ದಢೂತಿ ಆಸಾಮಿ ಕೂರಬೇಕು. ಆಗ ಕೆಳಗೆ ಎಳೆ ಇಳಿಯುತ್ತದೆ. ಅಕ್ಕನ ಮದುವೆಯಾದ ಹೊಸದರಲ್ಲಿ ನಾನು ಹೋದಾಗ ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು.

"ಇವನ್ನ ಕಾಯಿ ತುರಿಯಾಕೆ ಕೂರ್ಸು" ಅಂದರು ಅಕ್ಕನಿಗೆ. ಇವತ್ತಿಗೂ ಆ ಮನೆಯಲ್ಲಿ ನನಗೆ ಬಡ್ತಿ ಸಿಕ್ಕಿಲ್ಲ.

ಒಮ್ಮೆ ಸಂತೆಬಾಚಹಳ್ಳಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು ಇದ್ದಕ್ಕಿದ್ದಂತೆ ಚೀಲ ನನ್ನ ಕೈಗೆ ತುರುಕಿ ಓಡಿದರು. ಯಾರಾದರೂ ಜೇಬು ಕತ್ತರಿಸಿದರೇ ಅಂದುಕೊಂಡೆ. ಇಲ್ಲ, ಮುಂದೆ ಒಬ್ಬ ಭಾರಿ ಗಾತ್ರದ ಈರುಳ್ಳಿ ವ್ಯಾಪಾರಿ ಹೋಗುತ್ತಿದ್ದ!

"ಅಣ್ಣ, ಭಾನ್ವಾರ ನಮ್ಮನೆಗೆ ಊಟಕ್ ಬನ್ನಿ."

"ನಾನ್ಯಾರು ಅಂತ ಗೊತ್ತಾ ನಿಮ್ಗೆ?"

"ಗೊತ್ತಿಲ್ಲ. ಶಾವ್ಗೆ ತಿಂತೀರ ತಾನೆ?"

ಆತ ಬಂದ. ಆಮೇಲೂ ಬರುತ್ತಲೇ ಇದ್ದಾನೆ.

ಊಟಕ್ಕೆ ಅಂತ ಹೋದವರಿಗೆ ಅಲ್ಲಿ ಕಾದಿರುವುದು ಕೂಲಿ! ಒಬ್ಬರು ಹಿಟ್ಟು ತೊಳಸಬೇಕು, ಒಬ್ಬರು ಉಂಡೆ ಕಟ್ಟಿ ಕೈ ಸುಟ್ಟುಕೊಳ್ಳಬೇಕು, ಅಕ್ಕ ಕಾಯಿಹಾಲಿಗೆ ಬೆಲ್ಲ ಕರಗಿಸಬೇಕು. ಭಾವ ಏನು ಮಾಡುತ್ತಾರೆ? ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಬೈಯುತ್ತಾರೆ. "ಉಂಡೆ ಆರೋಯ್ತು ಕಣ್ರಲಾ! ಆರಿದ್ ಉಂಡೇಲಿ ಎಳೆ ಬರಾಕಿಲ್ಲ, ಪುಡಿ ಬತ್ತದೆ!"

ಈ ದರ್ಬಾರಿನ ಪಟ್ಟದಾನೆ ಎಂದರೆ ಪಕ್ಕದ ಬೀದಿಯ ಗೌಡರು, ಭಾವನ ಸ್ಕೂಲಿನ ಜೊತೆಗಾರ. ಅವರು ಕೂತರೆ ತೊಲೆ ತುಟಿಪಿಟಿಕ್ಕೆನ್ನದೆ ಇಳಿಯುತ್ತಿತ್ತು. ಕಳೆದ ವರ್ಷ ಹೊಟ್ಟೆಯ ಆಪರೇಷನ್ನಾಗಿ ಗೌಡರು ಅರ್ಧಕ್ಕರ್ಧ ಇಳಿದುಹೋದರು. ಕಂಡವರೆಲ್ಲ "ಅಯ್ಯೋ, ಇಂಗಾಗೋದ್ರಲ್ಲ!" ಅನ್ನುವುದನ್ನು ಕೇಳಲಾರದೆ ಡೈರಿಗೆ ಬರುವುದನ್ನೂ ಬಿಟ್ಟರು. ಊಟ ಸೇರುತ್ತಿಲ್ಲ ಅಂತ ಅವರ ಹೆಂಡತಿ ಅಕ್ಕನ ಹತ್ತಿರ ಬಂದು ಅತ್ತರು. ಭಾವ ಕರೆಯಲು ಹೋದರೆ, "ನಾನಿನ್ಯಾತಕ್ಲಾ ಆಚಾರಿ? ದಪ್ಪಗಿರೋನ್ ಯಾವನ್ನಾದ್ರೂ ಕೂರಿಸ್ಕೊ" ಅಂದು ಮಗ್ಗುಲು ಬದಲಿಸಿದರಂತೆ.

ಅವತ್ತಿನಿಂದ ಶಾವಿಗೆ ಬಂದ್! ಹಬ್ಬಗಳೆಲ್ಲ ಒಣಗಿಹೋದವು. "ಈರುಳ್ಳಿಯವನು ಇದ್ದಾನಲ್ಲ ಭಾವ" ಅಂದೆ. "ಗೌಡ ಬರೋಗಂಟ ಒರಳು ಮುಟ್ಟಂಗಿಲ್ಲ. ನಿಂಗೇನ್ಲಾ ಗೊತ್ತು, ಕಾಯಿ ತುರಿಯೋನ್ಗೆ?" ಅಂದರು. ಎಂಥ ಮೊಂಡುತನ ನೋಡಿ! ಗೌಡರ ಹಟಕ್ಕೆ ನಾವೆಲ್ಲ ಯಾಕೆ ಉಪವಾಸ?

ಹೋದ ಭಾನುವಾರ ಕೊನೆಗೂ ಬುಲಾವು ಬಂತು. ಹೋಗಿ ನೋಡಿದರೆ ಒರಳಿಗೆ ಹೊಸ ತೊಲೆ. ಹಳೆಯದರ ಎರಡರಷ್ಟು ಉದ್ದ! ಹಜಾರ ದಾಟಿ, ಬಾಗಿಲು ದಾಟಿ ಜಗಲಿಯವರೆಗೆ ಚಾಚಿಕೊಂಡಿದೆ. ಅಕ್ಕ ಅದರ ಕೆಳಗೆ ನುಸುಳಿ ಬಂದಳು. "ನಿಮ್ ಭಾವಂಗೆ ತಲೆ ಕೆಟ್ಟದೆ ಕಣ್ಲಾ. ಹಾಲು ತರಾಕೂ ನಾನು ಬಗ್ಗಿ ಓಗ್ಬೇಕು!"

"ಇದೇನು ಶಾವ್ಗೆ ಒತ್ತಾಕೋ, ಬಾವಿ ನೀರು ಎತ್ತಾಕೋ?" ಅಂದ ಈರುಳ್ಳಿಯವನು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ಸೀದಾ ಹೊರಟು, ಗೌಡರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದರು.

"ಒಂದೇ ಒಂದ್ಸಲ ಕೂತ್ಕೊ. ಎಳೆ ಬೀಳ್ನಿಲ್ಲ ಅಂದ್ರೆ ಈ ಒರಳ್ನೇ ಸೌದೆ ಮಾಡ್ಬುಡ್ತೀನಿ."

ಗೌಡರು ಜಗಲಿಯ ಮೇಲಿನ ತುದಿಗೆ ಅಳುಕುತ್ತ ಕೂತರು. ತೊಲೆ ಒಮ್ಮೆ ಕಿರುಗುಟ್ಟಿತು, ಆಮೇಲೆ ಮೆಲ್ಲಗೆ ಇಳಿಯಿತು. ತಟ್ಟೆಯ ತುಂಬ ಎಳೆಎಳೆಯಾಗಿ ಶಾವಿಗೆ!

"ಮೊದ್ಲಿನಂಗೇ ಇದ್ದೀಯ ಕಣ್ಲಾ. ಜನಕ್ಕೆ ಕಣ್ಣಿಲ್ಲ" ಅಂದರು ಭಾವ.

ಆಗ ನನ್ನ ಮಂಡೆಗೆ ಹೊಳೆಯಿತು. ತೊಲೆ ಉದ್ದವಾದಷ್ಟೂ ತುದಿಯಲ್ಲಿ ಕೂರುವವನ ಭಾರ ಕಡಿಮೆ ಸಾಕು. ಅಷ್ಟುದ್ದದ ತೊಲೆಗೆ ನಾನು ಕೂತಿದ್ದರೂ ಎಳೆ ಬೀಳುತ್ತಿತ್ತು! ಗೌಡರೇನು ದಡ್ಡರೇ? ಹೊಸ ಮರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕಣ್ಣು ತುಂಬಿ ಬಂತು. "ಇನ್ನೊಂದ್ ಉಂಡೆ ಆಕ್ಲಾ ಆಚಾರಿ" ಅಂದರು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಊಟದಲ್ಲಿ ಗೌಡರು ಎರಡನೇ ಸಲ ಕಾಯಿಹಾಲು ಹಾಕಿಸಿಕೊಂಡಾಗ ಭಾವ ಗದರಿದರು: "ಸಾಕ್ಲಾ! ತೂಕ ಜಾಸ್ತಿಯಾಗಿ ತೊಲೆ ಮುರ್ದುಗಿರ್ದಾಕೀಯ!"

ಗೌಡರು ಜೋರಾಗಿ ನಕ್ಕುಬಿಟ್ಟರು. ಭಾವ ತಟಕ್ಕನೆ ಆಚೆ ತಿರುಗಿ, ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ, "ಈ ಹಾಳು ಒಲೆ ಹೊಗೆ" ಅಂತ ಅಕ್ಕನನ್ನು ಬೈದರು.

ಅಕ್ಕನ ಮನೆಯಲ್ಲಿರುವುದು ಗ್ಯಾಸ್ ಒಲೆ.