ತಳಕ್ಕೆ ಅಂಟಿಕೊಂಡ ಕಣಗಳು

ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮರೆಗುಳಿ ಸಹಾಯಕ ನಿಂತಲ್ಲೇ ಬೆವೆತುಹೋದ. ಪ್ರಯೋಗಾಲಯದ ಮೇಡಂ ಪ್ರವಾಸ ಹೋಗುವಾಗ ಅವನ ಕೈಗೆ ಒಪ್ಪಿಸಿದ್ದ ಫ್ಲಾಸ್ಕಿನಲ್ಲಿ ರಕ್ತದ ಕ್ಯಾನ್ಸರಿನ ಕಣಗಳು ತೇಲುತ್ತಲೇ ಇರಲಿಲ್ಲ. ಉಂಡು ಮಲಗಿದ ನೆಂಟರಂತೆ ಕೈಕಾಲು ಚಾಚಿ ತಳಕ್ಕೆ ಅಂಟಿಕೊಂಡಿದ್ದವು. ಪಕ್ಕದ ಫ್ಲಾಸ್ಕಿನಲ್ಲಿದ್ದ ಅದೇ ಬಗೆಯ ಕಣಗಳು ಮಾತ್ರ ಗುಂಡಗೆ ತೇಲುತ್ತ ಗಿಜಿಗುಟ್ಟುತ್ತಿದ್ದವು.

ಇನ್ನೊಂದು ತಪ್ಪಾದರೆ ಕೆಲಸಕ್ಕೆ ಬರುವುದು ಬೇಡ ಎಂದು ನಿರ್ದೇಶಕರು ಹೇಳಿಯಾಗಿತ್ತು. ಈ ಸಲ ಏನು ಮರೆತೆನೆಂಬುದೇ ಅವನಿಗೆ ನೆನಪಾಗಲಿಲ್ಲ.

ಗಾಜು ತೊಳೆಯುವ ಅಕ್ಕ ಬಂದು ನೋಡಿ, ಪಾಪ, ಹಸಿದಿವೆ ಎಂದಳು. ಅವನು ಆಹಾರದ ದ್ರಾವಣ ಹಾಕಿದ. ಲೆಕ್ಕದ ಗುಮಾಸ್ತ ಬಾಗಿಲಲ್ಲೇ ನಿಂತು, ನಿದ್ದೆ ಹತ್ತಿರಬೇಕು, ಅಲ್ಲಾಡಿಸು ಎಂದ. ಅವನು ಅಲ್ಲಾಡಿಸಿದ. ಅರ್ಧ ದ್ರಾವಣ ಅಂಗಿಯ ಮೇಲೆ ಬಿತ್ತೇ ಹೊರತು ಕಣಗಳು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಪಕ್ಕದಲ್ಲಿ ಅಷ್ಟೊಂದಿವೆಯಲ್ಲೋ, ಅದ್ರಿಂದಾನೇ ಒಂದಿಷ್ಟು ಸುರಿ" ಎಂದ ಗುಮಾಸ್ತ. "ಅವುಗಳ ಹಣೇಲಿ ಹೆಸರು ಬರ್ದಿದ್ಯಾ?"

"ಮೇಡಂಗೆ ಮೋಸ ಮಾಡ್ದಂಗಾಗಲ್ವಾ?"

"ಕೆಲಸ ಹೋದ್ರೆ ಮೇಡಂ ಬಂದು ನಿನ್ನ ಮನೆ ನಡೆಸ್ತಾರಾ?"

ಸತ್ತೇ ಹೋಗಿವೆಯೆಂದು ಅಂಟಿಕೊಂಡವೆಲ್ಲ ಬ್ಲೀಚಿನ ಪಾಲಾದವು. ಹೊಸ ಫ್ಲಾಸ್ಕಿಗೆ ಪಕ್ಕದ ಕಣಗಳು ಬಂದವು, ಹಳೆಯ ಫ್ಲಾಸ್ಕಿನ ಹೆಸರಿನ ಚೀಟಿಯೂ ಬಂತು.

ಮಧ್ಯಾಹ್ನ ಪ್ರವಾಸದಿಂದ ಮರಳಿದ ಮೇಡಂ ಚೀಲವನ್ನೂ ಇಳಿಸದೆ ನೇರ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತರು.

"ನಿಂದೇನೂ ತಪ್ಪಿಲ್ಲಪ್ಪ, ಚೆನ್ನಾಗೇ ನೋಡ್ಕೊಂಡಿದ್ದೀಯ. ಎಳೇ ಬಿಳಿ ರಕ್ತಕಣ ಬಲಿತು ಸೋಂಕಿನ ಜೊತೆ ಹೋರಾಡ್ಬೇಕು. ಯಾವ ಜೀನ್ ಯಾವಾಗ ಕೆಲಸ ಮಾಡ್ಬೇಕು ಅಂತ ಅಪ್ಪಣೆ ಕೊಡೋ ಪ್ರೋಟೀನ್ ಒಂದಿದೆ. ಅದು ಕೆಟ್ರೆ ಕಣ ಬಲಿಯೋದೇ ಇಲ್ಲ, ಬರೀ ಹೆಚ್ತಾ ಹೋಗುತ್ತೆ. ಅದೇ ಈ ಕ್ಯಾನ್ಸರ್. ಸರಿಯಾದ ಪ್ರೋಟೀನ್ ಇವಕ್ಕೆ ಸಿಗೋ ಹಾಗೆ ಮಾಡಿದ್ದೆ. ಫಲಿಸಿದ್ರೆ ಹೆಚ್ಚೋದು ನಿಲ್ಲಿಸಿ, ಬಲಿತು, ತಳಕ್ಕೆ ಅಂಟ್ಕೋಬೇಕಿತ್ತು."

ಇದೇ ಕೊನೆಯ ಪ್ರಯತ್ನವೆಂದು ನಿರ್ದೇಶಕರಿಗೆ ಮಾತು ಕೊಟ್ಟಿದ್ದರಂತೆ. ಇಂದಿಗೆ ಈ ಸಂಶೋಧನೆ ಮುಗಿಯಿತು ಎಂದರು.

ಮರೆಗುಳಿಗೆ ಕೆಲಸ ಹೋದರೆ ಹೋಗಲಿ ಎನ್ನಿಸಿತು.

"ಅಂಟ್ಕೊಂಡಿದ್ವು ಮೇಡಂ. ಎಲ್ಲಾನೂ. ಸತ್ತಿವೆ ಅಂತ ನಾನೇ ಬ್ಲೀಚಿಗೆ ಹಾಕ್ಬಿಟ್ಟೆ. ಇವು ಪಕ್ಕದ ಫ್ಲಾಸ್ಕಿನವು."

ಮೇಡಂ ಅವನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂತು. ಭುಜದ ಮೇಲೆ ಕೈಯಿಟ್ಟರು.

"ತುಂಬಾ ಒಳ್ಳೆಯವನು ಕಣಪ್ಪ ನೀನು. ಆದ್ರೆ ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ."