ಮೀನಿನ ವಂಶದ ಅಳಿಯ

ದೊಡ್ಡ ಸುದ್ದಿಗಳು ಗಂಡಸರಿಗೆ ಜಗಲಿಯ ಮೇಲೆ ಕಾಲು ಚಾಚಿ ಕೂತಿರುವಾಗ ಬರುತ್ತವೆ. ನಮಗೆ ಮಾತ್ರ ಕೈ ಹಿಟ್ಟಾಗಿರುವಾಗಲೇ ಬರುತ್ತವೆ. ಯುದ್ಧ ಶುರುವಾಯಿತಂತೆ ಎಂದು ಕೇಳಿದಾಗ ನಾನು ಹಾಗಲಕಾಯಿ ಹೆಚ್ಚುತ್ತಿದ್ದೆ. ಮನುಷ್ಯಕುಲ ಸಮುದ್ರದಿಂದ ಎದ್ದು ಬಂದದ್ದು ಎಂದು ತಿಳಿದಾಗ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದೆ. ಬಲಗೈ ಗುಂಡು ತಿರುಗಿಸಬೇಕು, ಎಡಗೈ ಹಿಟ್ಟು ತಳ್ಳಬೇಕು, ಮೂಗಿನ ತುದಿ ತುರಿಸಿದರೆ ಸಹಿಸಿಕೊಳ್ಳಬೇಕು. ಆ ಅವಸ್ಥೆಯಲ್ಲಿರುವವರು ಯಾರು ಏನು ಹೇಳಿದರೂ ನಂಬಿಬಿಡುತ್ತಾರೆ. ಅಕ್ಕಿ ರೇಷನ್ನಿನದು, ಕಲ್ಲು ಆರಿಸುವುದರಲ್ಲೇ ಬೆಳಗಿನ ಜಾವ ಕಳೆದಿತ್ತು. ಉದ್ದು ಮಾತ್ರ ಹತ್ತಿಯ ಹಾಗೆ ಉಬ್ಬಿ ಬಂದಿತ್ತು. ಸದ್ಯ, ಭಗವಂತ ಇಷ್ಟಾದರೂ ನಡೆಸಿದನಲ್ಲ ಎಂದುಕೊಂಡು ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಸಿದ್ದಮ್ಮ ಬಂದಳು. ವಾರಕ್ಕೊಮ್ಮೆ ಕೊಪ್ಪದಿಂದ ಬಸ್ಸು ಹತ್ತಿ ಮದ್ದೂರಿನ ನಮ್ಮ ಬೀದಿಗೆ ಬೆಣ್ಣೆ ತರುವವಳು. ಬೆಣ್ಣೆಯ ಜೊತೆ ಸುದ್ದಿಯೂ ಬರುತ್ತದೆ. ನನ್ನ ನಾದಿನಿ ಶಾರದೆಗೆ ಗೊತ್ತುಮಾಡಿದ್ದ ಹುಡುಗ ನರಹರಿ ಮಂಡ್ಯದ ಒಂದು ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಿದ್ದಮ್ಮನ ತಮ್ಮ ಅದೇ ಸ್ಕೂಲಿನಲ್ಲಿ ಜವಾನ. ಹೀಗಾಗಿ ನಮ್ಮ ಭಾವೀ ಅಳಿಯ ಸೀನಿದರೂ ಮುಂದಿನ ವಾರದ ಬೆಣ್ಣೆಯೊಂದಿಗೆ ನಮಗೆ ತಲುಪುತ್ತಿತ್ತು.

“ಅಲ್ಲ ಕಣವ್ವ, ನಿಮ್ ಸಾರ್ದವ್ವನ ಗಂಡು ಐಕ್ಳಿಗೆ ಏನಂತ ಪಾಟ ಯೋಳ್ತಾವ್ನೆ ಗೊತ್ತಾ? ನಾವೆಲ್ಲ ಮೀನಿಂದ ಬಂದೋರಂತೆ! ಮೊದ್ಲು ಸಮುದ್ರದಾಗೆ ಈಜ್ಕಂಡಿದ್ವಂತೆ. ಆಮ್ಯಾಕೆ ದಡ ಅತ್ತಿ ಕೈಕಾಲು ಬುಟ್ವಂತೆ. ನನ್ ತಮ್ಮ ಬಾಗ್ಲಲ್ಲಿ ನಿಂತ್ಕಂಡು ಕಿವಿಯಾರೆ ಕೇಳವ್ನೆ.”

“ಯಾವಾಗಂತೆ ಸಿದ್ದಮ್ಮ ಇದೆಲ್ಲ ಆದದ್ದು?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ಅದ್ಯಾರ್ ಕಂಡವ್ರೆ ಬುಡವ್ವ. ನಮ್ಮಜ್ಜಿ ಕಾಲ್ದಾಗಂತೂ ಅಲ್ಲ.” ಆಮೇಲೆ ಅವಳ ಮುಖ ಸಣ್ಣದಾಯಿತು. ದನಿ ಇಳಿಸಿ ಕೇಳಿದಳು: “ಅದಿರ್ಲಿ. ಅಂಗಾರೆ ಮೊನ್ನೆ ಬಾನ್ವಾರ ನಾನು ಸಾರು ಮಾಡಿದ್ದು ಯಾರ್ನವ್ವ?”

ಉತ್ತರ ಹುಡುಕುವುದಕ್ಕೆ ಸಮಯ ಸಿಗಲಿಲ್ಲ. ನಮ್ಮ ಅತ್ತೆಯವರಿಗೆ ಕಿವಿ ಮಂದ. ಎದುರು ನಿಂತು ಕೂಗಿದರೆ ಕೇಳಿಸುವುದಿಲ್ಲ, ಪಿಸುಗುಟ್ಟಿದರೆ ಮಾತ್ರ ಅಕ್ಷರ ಬಿಡದೆ ಕೇಳಿಸುತ್ತದೆ. ಜಪಸರ ಕೈಯಲ್ಲೇ ಹಿಡಿದು ಮಡಿಯಲ್ಲಿ ಹೊರಗೆ ಬಂದರು.

“ನಮ್ಮದು ಭಾರದ್ವಾಜ ಗೋತ್ರ. ಅವರದು ಕಾಶ್ಯಪ ಅಂತ ಹೇಳಿದ್ದರು. ಮಧ್ಯೆ ಈ ಮೀನು ಎಲ್ಲಿಂದ ಬಂತೇ? ಈರುಳ್ಳಿ ಸಹ ಹೊಸಿಲು ದಾಟದ ಮನೆ ಇದು. ಸಂಬಂಧ ಬೇಡ ಅಂತ ಮಳವಳ್ಳಿಗೆ ಹೇಳಿ ಕಳಿಸಿ.” ಮಳವಳ್ಳಿಯಲ್ಲಿ ಹುಡುಗನ ತಂದೆ ತಾಯಿ ಇದ್ದರು.

ಬಾವಿಯಿಂದ ನೀರು ಸೇದುತ್ತಿದ್ದ ಶಾರದೆಯ ರಾಟೆಯ ಸದ್ದು ಗಕ್ಕನೆ ನಿಂತಿತು.

ಆ ಹುಡುಗಿಯ ಪಾಡು ನನಗೆ ಗೊತ್ತಿತ್ತು. ಅವಳನ್ನು ನೋಡಲು ಬಂದವರೆಲ್ಲ ನನ್ನ ಕೇಸರಿಬಾತನ್ನು ಮೆಚ್ಚಿ, ಎರಡನೆಯ ಸಲ ಹಾಕಿಸಿಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು. ಒಬ್ಬರೂ ತಿಳಿಸಲಿಲ್ಲ. ನರಹರಿ ಒಬ್ಬನೇ ತಟ್ಟೆ ಬಿಟ್ಟು ಹುಡುಗಿಯ ಮುಖ ನೋಡಿದವನು. ಅವಳೂ ಬಾಗಿಲ ಸಂದಿಯಿಂದ ನೋಡಿ, ಆ ವಾರವೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದಳು. ಈಗ ಅದು ತಪ್ಪಿಹೋದರೆ ಇನ್ನೆಷ್ಟು ಕೇಸರಿಬಾತು ಮಾಡಬೇಕೋ! ಯುದ್ಧಕಾಲ, ಸಕ್ಕರೆ ಕಾರ್ಖಾನೆ ಮಂಡ್ಯದಲ್ಲೇ ಇದ್ದರೂ ಸಕ್ಕರೆ ನಮ್ಮ ಡಬ್ಬಿಯಲ್ಲಿರಲಿಲ್ಲ.

ಸಂಜೆ ತಾಲ್ಲೂಕು ಕಚೇರಿಯಿಂದ ಬಂದ ನಮ್ಮ ಯಜಮಾನರು ವಿಷಯ ಕೇಳಿ, “ಅದರಲ್ಲೇನಮ್ಮ ತಪ್ಪು? ದೇವರೇ ಮತ್ಸ್ಯಾವತಾರ ಎತ್ತಲಿಲ್ಲವೇ?” ಎಂದರು. ಹೇಳಿ ತಾವೇ ಮೆಚ್ಚಿಕೊಂಡು ನನ್ನ ಕಡೆ ನೋಡಿದರು.

“ಅದು ದೇವರು ಮೀನಾದದ್ದು ಕಣೋ. ಮೀನು ನೀನಾದದ್ದಲ್ಲ” ಎಂದರು ಅತ್ತೆ. ಯಜಮಾನರು ಶಲ್ಯ ಕೊಡವಿ ಮೊಳೆಗೆ ಹಾಕಿದರು. ಕೊನೆಗೆ, ಹುಡುಗನನ್ನೇ ಕರೆಸಿ ಕೇಳುವುದು, ಅವನು ಹಾಗೆ ಅನ್ನಲಿಲ್ಲ ಎಂದರೆ ಮದುವೆ, ಅಂದೆ ಎಂದರೆ ಇಲ್ಲ ಎಂದು ತೀರ್ಮಾನವಾಯಿತು.

ಭಾನುವಾರ ನರಹರಿ ಬಂದ. ಕಾಲಿಗೆ ನೀರು ಕೊಡುವ ನೆಪದಲ್ಲಿ ನಾನೇ ಮುಂದಾಗಿ ಹೇಳಿದೆ: “ನೋಡಿ, ಅತ್ತೆ ಕೇಳಿದರೆ ಮಕ್ಕಳನ್ನು ನಗಿಸೋಕೆ ಹಾಗಂದೆ ಅನ್ನಿ. ನಮಗೂ ಮೀನಿಗೂ ಏನೂ ಸಂಬಂಧ ಇಲ್ಲ ಅಂದುಬಿಡಿ, ಮುಗೀತು.”

“ಆದರೆ ಸಂಬಂಧ ಇದೆಯಲ್ಲ!” ಎಂದ ಪುಣ್ಯಾತ್ಮ.

ಸುಳ್ಳು ಹೇಳದ ಗಂಡ ಸಿಗಲಿ ಎಂದು ಶಾರದೆಗಾಗಿ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದೆ. ದೇವರು ಕೆಲವು ಸಲ ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತಾನೆ.

ಅತ್ತೆ ಕೇಳಿದರು. ಹುಡುಗ ಮಣೆಯ ಮೇಲೆ ನೆಟ್ಟಗೆ ಕೂತು, ಹೌದು, ಅಂದೆ ಎಂದ. ಅಷ್ಟಕ್ಕೆ ನಿಲ್ಲಿಸಿದನೇ? ನಮ್ಮ ರಕ್ತ, ಬೆವರು, ಕಣ್ಣೀರು ಎಲ್ಲ ಉಪ್ಪಾಗಿರುವುದನ್ನು ನೋಡಿದರೆ ಸಮುದ್ರವನ್ನು ಒಳಗೇ ಹೊತ್ತು ತಂದ ಹಾಗಿದೆ ಎಂದ.

“ಅಡುಗೆಗೆ ಉಪ್ಪು ಹಾಕ್ತೀವಲ್ಲಪ್ಪ, ಮತ್ತೆಲ್ಲಿಗೆ ಹೋಗುತ್ತೆ ಅದು?” ಎಂದರು ಅತ್ತೆ.

ಯಜಮಾನರು ತೊಲೆ ನೋಡುತ್ತಿದ್ದರು. “ಸರಿ. ಬಂದದ್ದಕ್ಕೆ ಊಟ ಮಾಡಿಕೊಂಡು ಹೊರಡಿ” ಎಂದು ಅತ್ತೆ ಏಳುವುದಕ್ಕೆ ನೆಲಕ್ಕೆ ಕೈಯೂರಿದರು. ಅಡುಗೆಮನೆಯ ಕತ್ತಲಲ್ಲಿ ಶಾರದೆ ನನ್ನ ಸೆರಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ನಾನು ಮಾತಾಡದಿದ್ದರೆ ಸೀರೆ ಹರಿಯುತ್ತಿತ್ತು.

“ಅತ್ತೆ,” ಎಂದೆ, “ಮೊನ್ನೆ ಮಾವನವರ ತಿಥಿಯ ದಿನ ಶಿಂಷೆಯಲ್ಲಿ ಪಿಂಡ ಬಿಟ್ಟಾಗ ನೀವು ಯಾರನ್ನು ನೋಡಿ ಕೈ ಮುಗಿದಿರಿ?”

ಅತ್ತೆ ಊರಿದ ಕೈ ತೆಗೆದು ಮತ್ತೆ ಕೂತರು. ಪ್ರತಿ ವರ್ಷವೂ ಹೀಗೆಯೇ. ಪಿಂಡ ನೀರಿಗೆ ಬಿದ್ದೊಡನೆ ಮೀನು ಬರಬೇಕು. ತಡವಾದರೆ, ವಡೆ ಗಟ್ಟಿಯಾಯಿತೇನೋ, ಪಾಯಸಕ್ಕೆ ಏಲಕ್ಕಿ ಮರೆತೆವೇನೋ ಎಂದು ಅತ್ತೆ ದಡದಲ್ಲಿ ಚಡಪಡಿಸುವರು. ಈ ಸಲ ಒಂದು ಭಾರೀ ಮೀನು ಬಂದು ಒಂದೇ ಗುಕ್ಕಿಗೆ ನುಂಗಿದಾಗ, “ಬಂದರು ನೋಡೇ! ಆ ಅವಸರ ನೋಡು, ಅವರದೇ!” ಎಂದು ಕಣ್ಣೊರೆಸಿಕೊಂಡಿದ್ದರು. ಮಾವನವರು ಮೀನಾಗಬಹುದಾದರೆ, ಮಾವನವರ ಹಿರೀಕರು ಮೀನಾಗಿದ್ದರೆ ಏನು ಕಷ್ಟ ಎನ್ನುವುದು ನನ್ನ ವಾದ. ಒರಳಿನ ಮುಂದೆ ಕೂತು ಕಟ್ಟಿದ ವಾದ, ನುಣ್ಣಗೆ ಬಂದಿತ್ತು.

ಅತ್ತೆಯ ಮುಖ ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ನರಹರಿ, “ಕ್ಷಮಿಸಬೇಕು, ಅದು ಹಾಗಲ್ಲ” ಎಂದ. “ಈಗ ಹೊಳೆಯಲ್ಲಿರುವ ಮೀನುಗಳು ನಮ್ಮ ಹಿರಿಯರಲ್ಲ. ಆ ಮೂಲದ ಹಿರಿಯರಿಗೆ ನಾವೂ ಮಕ್ಕಳು, ಅವೂ ಮಕ್ಕಳು. ಅಂದರೆ ಇವು ನಮ್ಮ ದಾಯಾದಿಗಳು.”

ಯಜಮಾನರು ಕಣ್ಣು ಮುಚ್ಚಿಕೊಂಡರು.

“ದಾಯಾದಿಗಳೇ?” ಎಂದರು ಅತ್ತೆ ನಿಧಾನವಾಗಿ. “ಅದಕ್ಕೇ ಅಷ್ಟು ದೊಡ್ಡ ಪಿಂಡ ನುಂಗಿ ತಿರುಗಿ ಸಹ ನೋಡದೆ ಹೋಯಿತು! ನಮ್ಮ ಕೆರಗೋಡಿನ ದಾಯಾದಿಗಳೂ ಹಾಗೇ ಅಲ್ಲವೇನೋ? ತಿಥಿಗೆ ಬರುತ್ತಾರೆ, ಉಂಡು ಏಳುತ್ತಾರೆ, ಒಂದು ಮಾತೂ ಆಡದೆ ಬಸ್ಸು ಹತ್ತುತ್ತಾರೆ.” ಅತ್ತೆ ಜಪಸರ ಬಿದ್ದುಹೋಗುವಷ್ಟು ನಕ್ಕರು. ಜಮೀನಿನ ವ್ಯಾಜ್ಯದಲ್ಲಿ ಬೇಯುತ್ತಿದ್ದ ನಮ್ಮ ಮನೆಗೆ ಆ ದಾಯಾದಿಗಳನ್ನು ಮೀನಿನ ಸಾಲಿನಲ್ಲಿ ಕೂರಿಸಿಕೊಟ್ಟವನು ಈ ಹುಡುಗನೊಬ್ಬನೇ. “ತಿಳಿದವನು ಕಣೋ ಇವನು. ಲಗ್ನ ಇಡಿಸು” ಎಂದರು.

ಶಾರದೆ ಸೆರಗು ಬಿಟ್ಟಳು. ಸೀರೆ ಉಳಿಯಿತು, ಇದೂ ದೇವರ ದಯೆಯೇ.

ಹುಡುಗನಿಗೆ ಈಗ ಧೈರ್ಯ ಬಂತು. ಊಟಕ್ಕೆ ಕೂತವನು, ತಾಯಿಯ ಹೊಟ್ಟೆಯಲ್ಲಿರುವಾಗ ನಮಗೆಲ್ಲ ಕತ್ತಿನ ಪಕ್ಕದಲ್ಲಿ, ಮೀನಿಗೆ ಕಿವಿರು ಇರುವ ಜಾಗದಲ್ಲೇ, ಚರ್ಮದ ಮಡಿಕೆಗಳಿರುತ್ತವೆ, ಆಮೇಲೆ ಅವು ಮಾಯವಾಗುತ್ತವೆ ಎಂದ. “ಇರಬಹುದಪ್ಪ, ಹುಳಿ ಹಾಕಿಸಿಕೊ” ಎಂದರು ಅತ್ತೆ.

ಅವನನ್ನು ಬಸ್ಸಿಗೆ ಕಳಿಸಿ, ಉಂಡ ಜಾಗಕ್ಕೆ ಗೋಮೆ ಹಚ್ಚಿ, ಮುಸುರೆ ತೊಳೆದು ಹಿತ್ತಲಿನಲ್ಲಿ ಒಬ್ಬಳೇ ನಿಂತಿದ್ದೆ. ನಾನು ದೇವರನ್ನು ನಂಬಿದವಳು, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ಆದರೂ ಯಾರೂ ಇಲ್ಲವೆಂದು ನೋಡಿಕೊಂಡು, ಒದ್ದೆ ಬೆರಳಿನಿಂದ ಕಿವಿಯ ಕೆಳಗೆ, ಕತ್ತಿನ ಪಕ್ಕದಲ್ಲಿ ಮೆಲ್ಲಗೆ ಒತ್ತಿ ನೋಡಿದೆ.

“ಏನೇ ಹುಡುಕ್ತಿದ್ದೀಯ?” ಬಾಗಿಲಲ್ಲಿ ಅತ್ತೆ.

“ಸೊಳ್ಳೆ ಕಚ್ಚಿತು ಅತ್ತೆ.”

“ನಾನೂ ಆಗಲೇ ನೋಡಿಕೊಂಡೆ. ಎರಡು ಪಕ್ಕದಲ್ಲೂ ಏನೂ ಇಲ್ಲ” ಎಂದರು. “ಹಾಲು ಆರಿದೆ, ಹೋಗಿ ಹೆಪ್ಪು ಹಾಕು.”

ಹೋಗಿ ಹೆಪ್ಪು ಹಾಕಿದೆ.