ಆಟದ ರೈಲಿಗೆ ಎಂಟು ಹಸಿರು

ಬಟ್ಟೆ ಕೊಳ್ಳುವ ಬಯರುಗಳು ಬೇಡವೆಂದರೆ ನನಗೆ ಬೇಸರವಿಲ್ಲ. ಹದಿನೆಂಟು ವರ್ಷಗಳಿಂದ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನನ್ನ ಕೆಲಸವೇ ಅದು. ಅವರು ಕೇಳಿದ ಬಣ್ಣವನ್ನು ಅಂಗೈಯಗಲದ ಬಟ್ಟೆಗೆ ಹಾಕಿಸಿ ಕಳಿಸುತ್ತೇನೆ. ಅವರು ಬೇಡ ಅನ್ನುತ್ತಾರೆ. ಮತ್ತೆ ಹಾಕಿಸಿ ಕಳಿಸುತ್ತೇನೆ. ಆದರೆ ನಾನೇ ಜಡೆ ಹೆಣೆದು ಶಾಲೆಗೆ ಕಳಿಸುವ ಎಂಟು ವರ್ಷದ ಮಗಳೂ ಬೇಡವೆಂದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ಮಗಳು ತೆನ್ಮೊಳಿಗೆ ಅವಳ ಮಾವ ಒಂದು ಆಟದ ರೈಲು ಕೊಟ್ಟಿದ್ದ. ಪ್ಲೈವುಡ್ ಹಲಗೆಯ ಮೇಲೆ ಹಳಿ ಕೂತಿತು. ಔಷಧಿ ಡಬ್ಬಿಗಳು ಸ್ಟೇಷನ್ನುಗಳಾದವು, ಒಂದು ತುದಿಗೆ ತಿರುಪ್ಪೂರು, ಇನ್ನೊಂದು ತುದಿಗೆ ಕೊಯಮತ್ತೂರು. ಎಲ್ಲವೂ ಅಮ್ಮ ಮಗಳ ಕೈಕೆಲಸ. ನಾನು ಕಂಪನಿಯಿಂದ ಬರುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಕೊನೆಗೆ ಹಲಗೆಯ ಮೇಲೆ ನೆಲ ಹಾಸುವುದು ಉಳಿಯಿತು.

"ನೆಲ ಅಪ್ಪ ಆರಿಸ್ಲಿ," ಎಂದಳು ತೆನ್ಮೊಳಿ. "ಪಾಪ, ಅಪ್ಪಂಗೂ ಏನಾದ್ರೂ ಕೆಲ್ಸ ಬೇಕಲ್ಲ."

ಭಾನುವಾರ ನನ್ನ ತಂಗಿಯ ಮಕ್ಕಳು ರೈಲು ನೋಡಲು ಬರುವವರಿದ್ದರು. ಅಷ್ಟರೊಳಗೆ ಭೂದೇವಿಗೆ ಸೀರೆ ಉಡಿಸುವ ಮಹಾಕಾರ್ಯ ನನ್ನ ಹೆಗಲಿಗೆ ಬಿತ್ತು.

"ಏನುಂಗ, ಒಂದು ಗೋಣಿಚೀಲ ಹಾಸಿದ್ರೆ ಸಾಕಾಗಲ್ವಾ?" ಎಂದಳು ಹೆಂಡತಿ ನಿತ್ಯಾ. (ಮನೆಯಲ್ಲಿ ಮಾತು ಕನ್ನಡವೇ ಆದರೂ ನನ್ನನ್ನು ಕರೆಯಲು ಅವಳಿಗೆ ಈ ಕಡೆಯ 'ಏನುಂಗ'ವೇ ಬೇಕು.)

"ಚೀಲದ ನಾರು ಚಕ್ರಕ್ಕೆ ಸುತ್ತಿಕೊಳ್ಳುತ್ತೆ."

"ಹಂಗಾದ್ರೆ ಮಣ್ಣೇ ಹಾಕಿ."

"ಮೋಟಾರಿಗೆ ಹೋಗುತ್ತೆ."

"ಗಾಂಧಿಪುರಂನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಸಿಗುತ್ತಲ್ಲ?"

"ಅದರಲ್ಲಿ ರೈಲು ಬಿಟ್ಟರೆ ಕಬ್ಬಿನ ಗದ್ದೆಯಲ್ಲಿ ಇಲಿ ಹೋದ ಹಾಗಿರುತ್ತೆ. ನೀನು ಸುಮ್ನಿರು. ಇದು ಬಣ್ಣ ಗೊತ್ತಿರೋರ ಕೆಲ್ಸ."

ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕಂಪನಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಾಸ್ಟರ್ ಸೆಲ್ವಕುಮಾರ್‌ನ ಕಾಲುಹಿಡಿದು ಎಂಟು ಹಸಿರು ಹಾಕಿಸಿದೆ. ಬಾಳೆಸುಳಿಯ ಹಸಿರಿನಿಂದ ನುಗ್ಗೆಸೊಪ್ಪಿನ ಹಸಿರಿನವರೆಗೆ ಸಾಲಾಗಿ ಕಾರ್ಡಿಗೆ ಅಂಟಿಸಿ, ಶುಕ್ರವಾರ ಬೆಳಿಗ್ಗೆ ಮಗಳ ಮುಂದಿಟ್ಟೆ. ಅವಳು ಅದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದಳು, ಕಿಟಕಿಯ ಬಳಿ ನೋಡಿದಳು, ಬಾಗಿಲಾಚೆ ಬಿಸಿಲಲ್ಲೂ ನೋಡಿದಳು. (ನನ್ನಿಂದಲೇ ಕಲಿತದ್ದು.) ಆಮೇಲೆ ಪೆನ್ಸಿಲಿನಿಂದ ಅಡ್ಡ ಗೀಟೆಳೆದು, ತನಗೆ ಬರುವ ತಮಿಳಿನಲ್ಲಿ ಷರಾ ಬರೆದಳು: ಸರಿ ಇಲ್ಲೈ.

"ಎಂಟೂನಾ, ಕಂದಾ?"

"ರೈಲಿಂದ ನೋಡಿದ್ರೆ ನೆಲ ಹಿಂಗಿರಲ್ಲಪ್ಪಾ."

"ಹಾಗಾದ್ರೆ ನಾಳೆ ರೈಲಲ್ಲೇ ಕರ್ಕೊಂಡು ಹೋಗಿ ತೋರ್ಸಿ," ಎಂದಳು ನಿತ್ಯಾ. ಮರುದಿನ ಬೆಳಿಗ್ಗೆ ನೋಡಿದರೆ, ನನ್ನ ಕಂದು ಪ್ಯಾಂಟನ್ನು ಇಸ್ತ್ರಿ ಮಾಡಿಟ್ಟಿದ್ದಳು.

ಆ ಪ್ಯಾಂಟಿನ ಬಗ್ಗೆ ಹೇಳಬೇಕು. ಹನ್ನೊಂದು ವರ್ಷಗಳಿಂದ ಬಯರ್ ತಪಾಸಣೆಗೆ ಬರುವ ದಿನ ನಾನು ಅದನ್ನೇ ಹಾಕುವುದು. ಅದನ್ನು ಹಾಕಿದ ದಿನ ಒಂದು ಪೆಟ್ಟಿಗೆ ಸರಕೂ ವಾಪಸ್ಸಾಗಿಲ್ಲ. ಅದನ್ನು ಎಸೆಯಬೇಕೆಂದು ನಿತ್ಯಾ ಒಂಬತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ಅಂಥವಳೇ ಇಸ್ತ್ರಿ ಮಾಡಿಟ್ಟಿದ್ದಾಳೆಂದು ನನ್ನ ಎದೆ ತುಂಬಿ ಬಂತು.

ನಾನೂ ಮಗಳೂ ಹತ್ತಿದ ಕೊಯಮತ್ತೂರಿನ ರೈಲು ವಂಜಿಪಾಳಯಂ ದಾಟಿತು. ತೆನ್ಮೊಳಿ ಕಾರ್ಡನ್ನು ಕಿಟಕಿಯ ಕಂಬಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಹಳಿಯ ಪಕ್ಕದ ನೆಲ ಬಿಸಿಲಿಗೆ ಕಾದು, ಗಾಳಿಗೆ ಸವೆದು, ಯಾವ ಬಣ್ಣವೂ ಆಗದೆ ಎಲ್ಲ ಬಣ್ಣವನ್ನೂ ಒಂದಿಷ್ಟು ಉಳಿಸಿಕೊಂಡಿತ್ತು. ಒಣಹುಲ್ಲಿನ ನಡುವೆ ಎರಡು ಮೇಕೆಗಳು ತಲೆಯೆತ್ತಿ ನಮ್ಮನ್ನು ನೋಡಿದವು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ, ಫೋನು ನೋಡಿದ್ದೇನೆಯೇ ಹೊರತು ನೆಲ ನೋಡಿರಲಿಲ್ಲ.

ಸೋಮನೂರು ಬರುವಾಗ ಮಗಳು ಹೊರಗೆ ನೋಡಿದಳು, ನನ್ನ ಮೊಣಕಾಲು ನೋಡಿದಳು, ಮತ್ತೆ ಹೊರಗೆ ನೋಡಿದಳು.

"ಅಪ್ಪಾ, ಅಲ್ಲಾಡ್ಬೇಡ."

ಎದುರು ಸೀಟಿನಲ್ಲಿ ನುಗ್ಗೆಕಾಯಿ ಕಟ್ಟಿನೊಡನೆ ಕೂತಿದ್ದ ಮಯಿಲ್‌ಸಾಮಿ ಎಂಬ ಮುದುಕರು ಏನೆಂದು ವಿಚಾರಿಸಿದರು. ಮಗಳು ತಮಿಳಿನಲ್ಲಿ ವಿವರಿಸಿದಳು. ಅವರು ಬಾಗಿ, ಹೊಲದ ಮಣ್ಣನ್ನು ಉಜ್ಜಿ ನೋಡುವಂತೆ ನನ್ನ ಪ್ಯಾಂಟನ್ನು ಎರಡು ಬೆರಳಲ್ಲಿ ಉಜ್ಜಿದರು.

"ಥೇಟು ನಮ್ಮ ಹೊಲದ ಮಣ್ಣೇ, ಪಾಪು," ಎಂದು ತೀರ್ಪು ಕೊಟ್ಟರು. "ಮೊಣಕಾಲಿನ ಹತ್ರ ಮಾತ್ರ ಮಳೆ ಬಿದ್ದು ಎರಡು ವರ್ಷ ಆಗಿರ್ಬೇಕು."

ಮಣ್ಣಿನ ವಿಷಯದಲ್ಲಿ ರೈತನಿಗೆ ಎದುರು ಮಾತಾಡುವುದು ಹೇಗೆ?

ಮನೆಗೆ ಬಂದು ಖಂಡತುಂಡವಾಗಿ ಹೇಳಿದೆ, ನೆಲಕ್ಕೆ ಹಾಸಲು ಆ ಪ್ಯಾಂಟು ಕೊಡುವುದಿಲ್ಲ ಎಂದು. ತೆನ್ಮೊಳಿ ಅಳಲಿಲ್ಲ, ಹಟ ಮಾಡಲಿಲ್ಲ.

"ಪರ್ವಾಗಿಲ್ಲಪ್ಪಾ. ನಾನೂ ಅಮ್ಮನೂ ಗೋಣಿಚೀಲ ಹಾಕ್ಕೋತೀವಿ."

ಅಷ್ಟೇ. ಆ ಹಲಗೆಯ ಮೇಲೆ ನನಗಿದ್ದ ಒಂದೇ ಒಂದು ಜಾಗ ಕೈಬಿಟ್ಟು ಹೋಗುವುದು ಕಂಡಿತು. ಆಮೇಲೆ ಒಳಗೆ ಹೋಗಿ, ಲುಂಗಿ ಉಟ್ಟು, ಪ್ಯಾಂಟನ್ನು ತಂದು ಮಗಳ ಕೈಗಿಟ್ಟೆ. ನಿತ್ಯಾ ಬಿಸ್ಕತ್ತಿನ ತಗಡು ಡಬ್ಬದಿಂದ ಕತ್ತರಿ ತೆಗೆದಾಗಿತ್ತು. (ಎಷ್ಟು ಹೊತ್ತು ಮುಂಚೆ ತೆಗೆದಳೆಂದು ನಾನು ಕೇಳಲಿಲ್ಲ.)

ಭಾನುವಾರ ರೈಲು ಹೊರಟಿತು. ನನ್ನ ಎಡಗಾಲು ಹೊಲವಾಗಿ ಹರಡಿಕೊಂಡಿತ್ತು. ಬಲಗಾಲು ಸುರಂಗವಾಗಿತ್ತು. ರೈಲು ಪಾದದ ಕಡೆಯಿಂದ ಒಳಹೊಕ್ಕು ಮೊಣಕಾಲಿನ ಬಳಿ ಹೊರಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

"ನೆಲ ನಮ್ಮಪ್ಪಂದು," ಎಂದಳು ತೆನ್ಮೊಳಿ ಎಲ್ಲರಿಗೂ ಕೇಳುವ ಹಾಗೆ.

ಹನ್ನೊಂದು ವರ್ಷ ಒಂದು ಪೆಟ್ಟಿಗೆಯೂ ವಾಪಸ್ಸಾಗದ ಪ್ಯಾಂಟು, ಕೊನೆಯ ದಿನವೂ ಮಾನ ಉಳಿಸಿತ್ತು. ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ತಂಗಿಯ ಹಿರಿಯ ಮಗ ತಿರುಮೂರ್ತಿ ಕೇಳಿದ, "ಇದು ಊಟಿಗೆ ಹೋಗಲ್ವಾ?"

ಊಟಿ ಎಂದರೆ ಬೆಟ್ಟ, ಚಹಾ ತೋಟ, ಹಸಿರು. ನಾನು ಓಡಿಹೋಗಿ ನನ್ನ ಎಂಟು ಹಸಿರನ್ನೂ ತಂದು ಹಿಡಿದೆ. ತೆನ್ಮೊಳಿ ಒಂದೊಂದನ್ನೇ ನೋಡಿ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಮುಖವೆತ್ತಿದಳು. ನಾನು ಹಾಕಿಕೊಂಡಿದ್ದದ್ದು ದೀಪಾವಳಿಗೆ ನಾನೇ ಆರಿಸಿ ತಂದ, ನಿತ್ಯಾಗೆ ಮೊದಲ ದಿನದಿಂದಲೂ ಹಿಡಿಸದ, ದಟ್ಟ ಹಸಿರು ಅಂಗಿ.

"ಅಪ್ಪಾ, ಅಲ್ಲಾಡ್ಬೇಡ."

ಅಡುಗೆಮನೆಯಲ್ಲಿ ತಗಡು ಡಬ್ಬದ ಮುಚ್ಚಳ ತೆರೆದ ಸದ್ದಾಯಿತು.